ಗ್ಯಾಸ್ ವಾಸನೆಗೆ ವಾದಿರಾಜ ಮಾಸ್ತರರ ಮದ್ದು

"ನಾಳೆ ನನ್ನ ಭಾಷಣಾ ಕೇಳಿದ ಮ್ಯಾಲ ಮಾನ್ವಿಯೊಳಗ ಒಂದು ಸಿಲಿಂಡರಾದ್ರೂ ಸೋರಿದ್ರ ನನ್ನ ಹೆಸರು ವಾದಿರಾಜ ಅಲ್ಲ!"

ಇಂಗ್ಲಿಷ್ ಮಾಸ್ತರರು ಹೆಂಡತಿ ಶ್ರೀಲಕ್ಷ್ಮೀಯ ಮುಂದೆ ಹೀಗೆ ಪ್ರತಿಜ್ಞೆ ಮಾಡಿದರು. ಮರುದಿನ ಶಾಲೆಯಲ್ಲಿ ತಾಯಂದಿರಿಗೆಂದು ಗ್ಯಾಸ್ ಸುರಕ್ಷತೆಯ ಕಾರ್ಯಕ್ರಮ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೈಕು ಅವರ ಕೈಗೆ ಸಿಕ್ಕಿದ್ದು ಇದೇ ಮೊದಲು. ಬಿಡುತ್ತಾರೆಯೇ? ಒಂದೊಂದು ನಿಯಮಕ್ಕೂ ಒಂದೊಂದು ಇಂಗ್ಲಿಷ್ ಗಾದೆ ಗಂಟು ಹಾಕಿಟ್ಟಿದ್ದರು. ರೆಗ್ಯುಲೇಟರ್ ತಕ್ಷಣ ಬಂದ್ ಮಾಡಿ: 'ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್'! ಸ್ವಿಚ್ ಮುಟ್ಟಬೇಡಿ: 'ಲುಕ್ ಬಿಫೋರ್ ಯು ಲೀಪ್'! ಕಿಟಕಿ ತೆರೆಯಿರಿ: 'ಬೆಟರ್ ಸೇಫ್ ದ್ಯಾನ್ ಸಾರಿ'!

ಶ್ರೀಲಕ್ಷ್ಮೀ ಮಡಿಯಲ್ಲಿದ್ದಳು. ನೈವೇದ್ಯದ ಹಾಲು ಒಲೆಯ ಮೇಲಿಟ್ಟು ಕೊಡ ಎತ್ತಿಕೊಂಡಳು.

"ಹಿತ್ತಲ ಬಾವಿಯಿಂದ ನೀರು ತರ್ತೀನಿ. ಹಾಲಿನ ಕಡೆ ಲಕ್ಷ್ಯ ಇರಲಿ, ಉಕ್ಕಾಕ ಬಂದ್ರ ಕೂಗ್ರಿ. ಮೈಲಿಗಿ ಪ್ಯಾಂಟಿನ್ಯಾಗ ಅಡಗಿಮನಿಗೆ ಕಾಲಿಟ್ಟೀರಿ ಮತ್ತ!"

"ಗ್ಯಾಸಿನ ವಿಷಯಾ ನನಗ ಹೇಳ್ತೀ?"

ಮಾಸ್ತರರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, ಭಾಷಣದ ಅಭ್ಯಾಸ ಶುರುಮಾಡಿದರು. 'ಎ ಸ್ಟಿಚ್ ಇನ್ ಟೈಮ್...' ಎನ್ನುವಷ್ಟರಲ್ಲಿ ಹಾಲು ಉಕ್ಕಿ ಉರಿ ಆರಿತು. ಗ್ಯಾಸು ಬುಸ್ಸೆಂದಿತು, ವಾಸನೆ ಮೂಗಿಗೆ ಬಡಿಯಿತು. ಮಾಸ್ತರರು ಥಟ್ಟನೆ ಕಣ್ಣು ಬಿಟ್ಟರು!

ಹೆಂಡತಿಯನ್ನು ಕೂಗಿದರೆ ಮರ್ಯಾದೆ ಹೋಯಿತು. ಪ್ಯಾಂಟಿನಲ್ಲಿ ಒಳಗೆ ಹೋದರೆ ಮಡಿ ಹೋಯಿತು. ಮಹಾ ಮೇಧಾವಿಗೆ ಮೂರನೆಯ ದಾರಿ ಹೊಳೆಯಿತು. ನೆಟ್ಟಗೆ ಬಚ್ಚಲಿಗೆ ಓಡಿದರು! ಗೀಜರಿನ ಸ್ವಿಚ್ಚಿಗೆ ಕೈ ಚಾಚಿದವರು ನಿಯಮ ನೆನಪಾಗಿ ಹಿಂದೆಗೆದರು. ಜನವರಿಯ ಮುಂಜಾನೆ, ತಂಬಿಗೆ ತಂಬಿಗೆ ತಣ್ಣೀರು ಸುರಿದುಕೊಂಡರು. ನಿಯಮ ಪಾಲಿಸಿದ ಹೆಮ್ಮೆ ಬೇರೆ!

ಒದ್ದೆ ಪಂಚೆಯಲ್ಲಿ ನಡುಗುತ್ತ ಬಂದು ನೋಡಿದರೆ, ರೆಗ್ಯುಲೇಟರ್ ಬಂದ್ ಆಗಿದೆ, ಕಿಟಕಿಗಳೆಲ್ಲ ತೆರೆದಿವೆ. ಅಡುಗೆಮನೆಯ ನಡುವೆ ಪಕ್ಕದ ಮನೆಯ ಶಹಜಾದಿ ಬೇಗಂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ.

"ಯಾ ಅಲ್ಲಾ! ವಾಸನಿ ನಮ್ಮನಿ ತನಕ ಬಂದದ. ನೀವು ಜಳಕಾ ಮಾಡಾಕತ್ತೀರೇನ್ರೀ ಮಾಸ್ತರ?"

"ಅದು... ಮಡಿ..."

ಅಷ್ಟರಲ್ಲಿ ಕೊಡ ಹೊತ್ತು ಶ್ರೀಲಕ್ಷ್ಮೀ ಬಂದಳು. ಒಲೆ ನೋಡಿದಳು, ಬೇಗಮರನ್ನು ನೋಡಿದಳು, ನೀರಿಳಿಸುತ್ತ ನಿಂತ ಗಂಡನನ್ನು ನೋಡಿದಳು.

"ನಿನ್ನ ಮಡಿ ಕೆಡಬಾರದು ಅಂತ..." ಎಂದು ಮಾಸ್ತರರು ತೊದಲಿದರು.

"ಮಡಿ ಹೋದ್ರ ಒಂದು ಕೊಡ ನೀರಿನ್ಯಾಗ ತಿರುಗಿ ಬರ್ತದ್ರೀ! ಮನಿ ಹೋದ್ರ ಎಷ್ಟು ಕೊಡ ಹಾಕಲಿ? ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ!"

ಮಡಿಯನ್ನೂ ಮರೆತು ಅವಳು ಬೇಗಮರ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿ ಬಂದಿತ್ತು. "ಇವತ್ತು ನೀವಿರಲಿಲ್ಲಂದ್ರ ಏನಿತ್ತು ಅಕ್ಕಾ..."

"ಒಲಿ ಈಗಲೇ ಹಚ್ಚಬ್ಯಾಡ ತಂಗಿ, ವಾಸನಿ ಪೂರಾ ಹೋಗಲಿ" ಎಂದರು ಬೇಗಂ.

ಮಾಸ್ತರರು ಕೈಮುಗಿದರು. "ಈ ಮಾತು ಈ ಮನಿ ಗ್ವಾಡಿ ದಾಟಬಾರದ್ರೆವ್ವಾ!"

"ಛೇ ಛೇ! ನಾವ್ಯಾರಿಗೆ ಹೇಳ್ತೀವ್ರಿ?" ಎಂದರು ಇಬ್ಬರೂ.

ಮರುದಿನ ಮಾಸ್ತರರು ಇಸ್ತ್ರಿ ಅಂಗಿ ತೊಟ್ಟು, ಮೂರು ಸಲ ಸೀನಿ, ಮೈಕು ಹಿಡಿದರು. ಸಭೆ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಶ್ರೀಲಕ್ಷ್ಮೀ, ಪಕ್ಕದಲ್ಲಿ ಶಹಜಾದಿ ಬೇಗಂ.

"ತಾಯಂದಿರೇ! ಮನೆಯಲ್ಲಿ ಗ್ಯಾಸಿನ ವಾಸನೆ ಬಂತು ಅನ್ನಿ. ಮೊಟ್ಟಮೊದಲು ಏನು ಮಾಡಬೇಕು?" ಎಂದು ಗುಡುಗಿ, ಉತ್ತರಕ್ಕಾಗಿ ಮೈಕನ್ನು ಸಭೆಯತ್ತ ಚಾಚಿದರು.

ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು: "ತಣ್ಣೀರು ಜಳಕಾ!"