ಗೊತ್ತಿದ್ದ ದಾರಿಗೊಂದು ಜಿಪಿಎಸ್

ಯಾವ ವಸ್ತುವನ್ನೂ ಪರೀಕ್ಷೆ ಮಾಡದೆ ನಂಬಬಾರದು. ಇದು ನನ್ನ ಅಭಿಪ್ರಾಯವಲ್ಲ, ಅಭ್ಯಾಸ. ಹೊಸೂರಿನ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ವಯಸ್ಸನ್ನೆಲ್ಲ ಕಳೆದವನು ನಾನು. ಅಳೆಯುವ ಉಪಕರಣ ಹೊಸದಾಗಿ ಬಂದರೆ ಮೊದಲು ಅಳತೆ ಗೊತ್ತಿರುವ ಉಕ್ಕಿನ ತುಂಡಿಗೆ ಹಿಡಿದು ನೋಡಬೇಕು. ಅಲ್ಲಿ ಸರಿಯಾದ ಅಂಕಿ ತೋರಿಸಿದರೆ ಮಾತ್ರ ಗೊತ್ತಿಲ್ಲದ್ದನ್ನು ಅಳೆಯಲು ಬಿಡಬೇಕು. ಈ ನಿಯಮ ಕಾರ್ಖಾನೆಯ ಗೇಟಿನೊಳಗೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಿವೃತ್ತನಾದ ದಿನ ಹಾರ, ಶಾಲು, ಗೋಡೆ ಗಡಿಯಾರದ ಜೊತೆ ಅದೂ ಮನೆಗೆ ಬಂತು. ಅಂದಿನಿಂದ ನಮ್ಮ ಮನೆಯ ಹೊಸ ಕುಕ್ಕರಿನಲ್ಲಿ ಮೊದಲು ಬೇಯುವುದು ಬರೀ ನೀರು. ಹೊಸ ಛತ್ರಿ ಮೊದಲು ಬಿಚ್ಚಿಕೊಳ್ಳುವುದು ನಲ್ಲಿಯ ಕೆಳಗೆ. ನನ್ನ ಹೆಂಡತಿ ಜಯಮ್ಮ ಇದನ್ನೆಲ್ಲ ಸಹಿಸಿಕೊಂಡೇ ಬಂದಳು, ವ್ಯಾನು ಬರುವ ತನಕ.

ವ್ಯಾನು ಅವಳ ಆಸೆ. ಮಾಲೂರು ಕಡೆಯ ಕೆರೆ ನೋಡಿಕೊಂಡು ಬೆಳೆದವಳು ಸಮುದ್ರವನ್ನು ಕಂಡಿರಲಿಲ್ಲ. ಕಾಣುವುದಾದರೆ ಅದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದಳು: ಬೆಳಗ್ಗೆ ಎದ್ದು, ತನ್ನ ಒಲೆಯಲ್ಲಿ ತಾನೇ ಕಾಫಿ ಮಾಡಿ, ಬಾಗಿಲು ತೆಗೆದರೆ ಎದುರಿಗೆ ಸಮುದ್ರ ಇರಬೇಕು. ನಾನು ಪಾಳಿ ಕೆಲಸದಲ್ಲಿದ್ದಷ್ಟು ಕಾಲವೂ 'ರಿಟೈರ್ ಆದಮೇಲೆ' ಎನ್ನುತ್ತಿದ್ದೆ. ರಿಟೈರೂ ಆಯಿತು, ಹಳೆಯ ವ್ಯಾನೊಂದು ಬಂದದ್ದೂ ಆಯಿತು. ಬಡಗಿ ಅದರೊಳಗೆ ಮಡಚುವ ಮಂಚ, ಕಪಾಟು, ಒಲೆಯಿಡುವ ಕಟ್ಟೆ ಕೂರಿಸಿದ. ಜಯಮ್ಮ ತನ್ನ ಹಳೆಯ ಸೀರೆಯಿಂದ ಪರದೆ ಹೊಲಿದಳು. ಈಗ ದಿನಾ ಬೆಳಗ್ಗೆ ಅಂಗಳದಲ್ಲಿ ನಿಂತ ವ್ಯಾನು ಹತ್ತಿ ಕಾಫಿ ಕಾಸಿ, ಹಿಂದಿನ ಬಾಗಿಲು ತೆಗೆದು, ಪಕ್ಕದವರ ಕಾಂಪೌಂಡ್ ಗೋಡೆ ನೋಡುತ್ತಾ ಕುಡಿಯುತ್ತಾಳೆ. ಮಂಡಿನೋವು ಬೇರೆ. ವ್ಯಾನಿನ ಮೆಟ್ಟಿಲಿಗೆ ಈಗಾಗಲೇ ನನ್ನ ಹೆಗಲು ಬೇಕು. 'ಇನ್ನು ತಡ ಮಾಡಿದ್ರೆ ನನ್ನನ್ನ ಎತ್ತಿ ಒಳಗಿಡಬೇಕಾಯ್ತದೆ, ನಿಮ್ ಕೈಲಿ ಆಗಾಕಿಲ್ಲ' ಎಂದು ಅವಳು ನಗುತ್ತಲೇ ಹೇಳಿದರೂ ನನಗೆ ನಗು ಬರಲಿಲ್ಲ.

ಬಾಕಿ ಇದ್ದದ್ದು ಒಂದೇ, ದಾರಿ ತೋರಿಸುವ ಯಂತ್ರದ ಆಯ್ಕೆ. ಬಾಗಲೂರು ರಸ್ತೆಯಲ್ಲಿ ಕಾರಿನ ಸಾಮಾನು ಮಾರುವ ಸೆಲ್ವಂ ನನ್ನ ಮುಂದೆ ಮೂರು ಬಗೆ ಇಟ್ಟ. ಸ್ಟೀರಿಂಗ್ ಪಕ್ಕ ಕೂರುವ, ನಕಾಶೆ ಮೂಡುವ ದೊಡ್ಡ ಪರದೆ ಒಂದು. ನಕಾಶೆಯನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು ಕಾಡಿನಲ್ಲಿ ಸಿಗ್ನಲ್ ಸತ್ತರೂ ಮಾತಾಡುವ ಡಬ್ಬಿ ಇನ್ನೊಂದು. ವ್ಯಾನಿನ ಎತ್ತರ ಹೇಳಿಬಿಟ್ಟರೆ ತಗ್ಗಾದ ಸೇತುವೆಗಳನ್ನು ತಪ್ಪಿಸುತ್ತದಂತೆ. ಮೂರನೆಯದು ಬರೀ ಫೋನ್ ಸಿಕ್ಕಿಸುವ ಸ್ಟ್ಯಾಂಡು. 'ಸ್ಟ್ಯಾಂಡೇ ಪೋದುಂ ಸಾರ್, ಅದೇ ಸಾಕು. ಊರೆಲ್ಲಾ ಅದರಲ್ಲೇ ಓಡ್ತಾ ಐತೆ' ಎಂದ ಸೆಲ್ವಂ. ಊರೆಲ್ಲ ಓಡುವುದು ಪರೀಕ್ಷೆಯಲ್ಲ ಎಂದು ನಾನು ಮೂರನ್ನೂ ನೋಡಲು ತಂದೆ.

ದೊಡ್ಡ ಪರದೆಯ ಪರೀಕ್ಷೆ ಮನೆಯಿಂದ ಕಾರ್ಖಾನೆಗೆ ನಡೆಯಿತು. ಒಂದು ತಿರುವೂ ತಪ್ಪದೆ ಗೇಟಿನ ಮುಂದೆ ನಿಲ್ಲಿಸಿತು. ಸೆಕ್ಯುರಿಟಿಯವನು ಓಡಿಬಂದು, 'ಏನ್ ಸಾರ್, ರಿಟೈರ್ ಆಗಿದ್ದು ಮರೆತ್ಬುಟ್ರಾ?' ಎಂದು ನನ್ನ ಮುಖವನ್ನು ಆತಂಕದಿಂದ ನೋಡಿದ. ಪಕ್ಕದಲ್ಲಿದ್ದ ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

'ಗೊತ್ತಿರೋ ಜಾಗಕ್ಕೆ ಯಾಕ್ರೀ ದಾರಿ ಕೇಳ್ತೀರಿ?'

'ಗೊತ್ತಿರೋ ಜಾಗ ಕೇಳಿದರೆ ತಾನೇ ಅದು ಸುಳ್ಳು ಹೇಳುತ್ತೋ ಇಲ್ಲವೋ ತಿಳಿಯೋದು?'

ಡಬ್ಬಿಯನ್ನು ರಾಯಕೋಟೆ ರಸ್ತೆಗೆ ಹಿಡಿದೆ. ಸಾನಮಾವು ಕಾಡಿನ ಹತ್ತಿರ ಅರಣ್ಯ ಇಲಾಖೆಯವರು ಕೈ ಅಡ್ಡ ಹಾಕಿದರು. 'ಯಜಮಾನ್ರೇ, ವಾಪಸ್ ತಿರುಗ್ಸಿ. ಆನೆ ರೋಡಿಗೆ ಬಂದವೆ.' ಡಬ್ಬಿ ಮಾತ್ರ ನೇರ ಹೋಗು, ನೇರ ಹೋಗು ಎಂದು ಹಟ ಹಿಡಿದಿತ್ತು. ನಾನು ಸೆಲ್ವಂನನ್ನು ತರಾಟೆಗೆ ತೆಗೆದುಕೊಂಡೆ. ಫೋನಿನಲ್ಲಿ ನೋಡಿದ್ದರೂ ರಸ್ತೆ ಖಾಲಿ ಎಂದೇ ಬರುತ್ತಿತ್ತು ಎಂದ. 'ಮುಂದೆ ಫೋನ್‌ಗಳು ನಿಂತವಾ ಅಂತ ನೋಡಿ ಅದು ಟ್ರಾಫಿಕ್ ಹೇಳ್ತದೆ ಸಾರ್. ಆನೆ ಫೋನ್ ಇಟ್ಕೊಂಡಿದ್ರೆ ಖಂಡಿತ ಕಾಣ್ಸೋದು.' ವಾದ ಸರಿಯಾಗಿಯೇ ಇತ್ತು. ಆದರೂ ಡಬ್ಬಿಯನ್ನು ನಪಾಸು ಮಾಡಿದೆ.

ಕೊನೆಗೆ ಸ್ಟ್ಯಾಂಡಿನಲ್ಲಿ ಫೋನ್ ಸಿಕ್ಕಿಸಿ ಕೃಷ್ಣಗಿರಿಗೆ ಹೊರಟೆವು. ಪರೀಕ್ಷೆ ಎಂದರೂ ಕೇಳದೆ ಜಯಮ್ಮ ಪ್ರತಿ ಸಲದಂತೆ ನೀರು ತುಂಬಿ, ಕಾಫಿಪುಡಿ, ಸಕ್ಕರೆ, ಎರಡು ಹೊದಿಕೆ ಇಟ್ಟಿದ್ದಳು. ನಾನು ಅವುಗಳ ಕಡೆ ನೋಡದೆ ವ್ಯಾನು ಸ್ಟಾರ್ಟ್ ಮಾಡಿದೆ. ಫೋನು ಒಂದು ಮಾತೂ ತಪ್ಪಲಿಲ್ಲ. ಕೃಷ್ಣಗಿರಿಯಲ್ಲಿ ಮಾವಿನಹಣ್ಣು ಕೊಂಡು ವ್ಯಾನು ತಿರುಗಿಸುವಾಗ ಅವಳು ತಿರುವಣ್ಣಾಮಲೆಯ ಕಡೆ ಬಾಣ ಹಾಕಿದ್ದ ಹಸಿರು ಬೋರ್ಡನ್ನೇ ನೋಡುತ್ತಿದ್ದಳು.

'ಇಂಗೇ ಹೋದ್ರೆ ಪಾಂಡಿಚೇರಿ ಅಲ್ವೇನ್ರೀ?'

'ಹೌದು. ಆದರೆ ಇಲ್ಲಿಂದಾಚೆಗೆ ದಾರಿ ನನಗೆ ಗೊತ್ತಿಲ್ಲ. ಇದು ತಪ್ಪು ಹೇಳಿದರೆ ಹಿಡಿಯೋದು ಹೇಗೆ?'

ಅವಳು ಪರದೆ ಸರಿಸಿ ಕಿಟಕಿಯಾಚೆ ನೋಡಿದಳು. ಹೊಸೂರು ಬರುವ ತನಕ ನೋಡುತ್ತಲೇ ಇದ್ದಳು. ಅದನ್ನು ತಾಳಲಾರದೆ ನಾನು ಮಾರನೆಯ ದಿನ ಒಂದು ಯೋಜನೆ ಮುಂದಿಟ್ಟೆ: ನಾನು ಮೊದಲು ಬಸ್ಸಿನಲ್ಲಿ ಪಾಂಡಿಚೇರಿಗೆ ಹೋಗಿ ದಾರಿ ನೋಡಿಕೊಂಡು ಬರುವುದು, ಆಮೇಲೆ ವ್ಯಾನಿನಲ್ಲಿ ಇಬ್ಬರೂ ಹೋಗಿ ಯಂತ್ರ ಹೇಳುವುದನ್ನು ತಾಳೆ ನೋಡುವುದು. 'ಸಮುದ್ರಾನೂ ನೀವೇ ಮೊದ್ಲು ನೋಡಿ, ಉಪ್ಪೈತಾ ಇಲ್ವಾ ಅಂತ ಹೇಳ್ತೀರಾ?' ಎಂದು ಕೇಳಿ, 'ನಾನೂ ಬಸ್ಸಲ್ಲೇ ಬತ್ತೀನಿ' ಎಂದಳು ಜಯಮ್ಮ.

ಹೀಗೆ, ಮಲಗಲು ಮಂಚ, ಕಾಸಲು ಒಲೆ ಇರುವ ವ್ಯಾನನ್ನು ಅಂಗಳದಲ್ಲಿ ಬಿಟ್ಟು ನಾವು ಬಸ್ಸಿನಲ್ಲಿ ಸಮುದ್ರಕ್ಕೆ ಹೋದೆವು. ರಾತ್ರಿ ಲಾಡ್ಜಿನಲ್ಲಿದ್ದು ಬೆಳಗ್ಗೆ ದಂಡೆಗೆ ಬಂದಾಗ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಳು. ನಾನು ಹತ್ತಿರದ ಅಂಗಡಿಯಿಂದ ಕಾಗದದ ಲೋಟದಲ್ಲಿ ಕಾಫಿ ತಂದುಕೊಟ್ಟೆ. ಒಂದು ಗುಟುಕು ಕುಡಿದವಳು ಹಿಂದಕ್ಕೆ ತಿರುಗಿ ರಸ್ತೆಯ ಅಂಚನ್ನು ಅಳೆಯುವಂತೆ ನೋಡಿದಳು. 'ವ್ಯಾನು ಅಲ್ಲಿ ನಿಂತಿದ್ರೆ ಬಾಗ್ಲು ಸರ್ಯಾಗಿ ಇಂಗೇ ಬತ್ತಿತ್ತು ಕಣ್ರೀ' ಎಂದು ಗಾಳಿಯಲ್ಲಿ ಒಂದು ಬಾಗಿಲು ತೆರೆದು ತೋರಿಸಿದಳು. ನಾನು ಆ ಬಾಗಿಲಿನಿಂದಲೇ ಸಮುದ್ರ ನೋಡಿದೆ. ಜೀವಮಾನವೆಲ್ಲ ಅಳತೆ ತೆಗೆದವನಿಗೆ ಅದು ಎಷ್ಟು ದೊಡ್ಡದು ಎಂದು ಹೇಳಲು ಬರಲಿಲ್ಲ. ಇಲ್ಲದ ವ್ಯಾನಿನ ಪಕ್ಕದಲ್ಲಿ ಇಬ್ಬರೂ ಬಿಸಿಲೇರುವ ತನಕ ಕುಳಿತೆವು.

ಮನೆಗೆ ಬಂದು ಚೀಲ ಇಳಿಸಿದಾಗ ಅವಳು ಕೇಳಿದಳು, 'ದಾರಿ ನೋಡ್ಕೊಂಡ್ರಾ?'

ಈ ಪ್ರಶ್ನೆ ಬರಬಾರದೆಂದು ನಾನು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡಿರಬೇಕಿತ್ತು. ಬೇಡಿಕೊಳ್ಳಲು ಎಚ್ಚರವಿರಲಿಲ್ಲ. ಹೋಗುವಾಗ ಕೃಷ್ಣಗಿರಿ ದಾಟುತ್ತಲೇ ಕಣ್ಣು ಹತ್ತಿತ್ತು. ಬರುವಾಗ ಕೃಷ್ಣಗಿರಿಯಲ್ಲೇ ಎಚ್ಚರವಾಗಿತ್ತು.

'ನೀವು ಗೊರಕೆ ಹೊಡೀತಿದ್ರಿ. ನಾನು ಕಿಟಕಿ ಬಿಟ್ಟು ಕದಲ್ಲಿಲ್ಲ' ಎಂದಳು ಜಯಮ್ಮ. 'ಎಲ್ಲೆಲ್ಲಿ ತಿರುಗ್ಬೇಕು ಅಂತ ಎಲ್ಲಾ ನೋಡ್ಕೊಂಡಿವ್ನಿ. ನಾನ್ ಹೇಳ್ತೀನಿ, ನೀವು ಓಡ್ಸಿ. ಸೋಮವಾರ ಹೊರಡಾನ.'

ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು. ಇನ್ನು ಯಾವ ಯಂತ್ರವಾದರೇನು! ಆ ಸಂತೋಷದಲ್ಲೇ ಸೆಲ್ವಂಗೆ ಫೋನ್ ಮಾಡಿದೆ.

'ಸೆಲ್ವಂ, ಮೂರರಲ್ಲಿ ಯಾವುದಾದರೂ ಒಂದು ಕೂರಿಸಪ್ಪ, ಸೋಮವಾರದೊಳಗೆ. ದಾರಿ ನಮ್ಮ ಮನೆಯವರೇ ಹೇಳುತ್ತಾರಂತೆ,' ಎಂದವನು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದೆ. 'ಸರಿಯಾಗಿ ಹೇಳುತ್ತಾರೋ ಇಲ್ಲವೋ ಒಮ್ಮೆ ನೋಡಬೇಕಲ್ಲ.'