ಏರಿ ಮ್ಯಾಲೆ ಕೆಂಪು ಬಾವುಟ ನೆಟ್ಟು ಹೋದ ಇಂಜಿನಿಯರ್ ಸಾಹೇಬರಿಗೆ

ಮಾನ್ಯರೇ,

ನಮ್ಮಟ್ಟಿ ಕೆರೆ ಏರಿ ಮ್ಯಾಲೆ ಕುದುರೆ ಕುಣಿಸ್ಕಂಡು ಬಂದಿದ್ದ ಮಹಾರಾಜರಾಜಶ್ರೀ ಸಾಹೇಬರ ಬೂಟುಗಳಿಗೆ, ಎರಡನೇ ಪುಸ್ತಕಕ್ಕೇ ಸಾಲೆ ಬಿಟ್ಟ ಕಾಟಲಿಂಗ ಅಡ್ಡ ಬಿದ್ದು ಮಾಡೋ ನಮಸ್ಕಾರ. ಎಲ್ರೂ ಓದ್ಲಿ ಅಂತ ಇದನ್ನ ರಾಮಗಿರಿ ಟೇಶನ್ ಗೋಡೆಗೂ ಅಂಟಿಸೀನಿ, ಕ್ಷಮಿಸ್ರಿ.

ತಾವು ಬಲು ಘನವಾದ ಕೆಲಸ ಮಾಡಿದ್ರಿ. ಏರಿ ಬುಡದಾಗೆ ಕೆಂಪಗೆ ಜಿನುಗೋ ನೀರು ನೋಡಿ, ಗುಮಾಸ್ತರ ಕೂಡೆ ಹೊತ್ತು ಏರೋ ತನಕ ಇಂಗ್ಲೀಷಿನಾಗೆ ಮಾತಾಡಿ, ಬಾವುಟ ನೆಟ್ಟು, ನಮ್ ಕಡೆ ತಿರುಗಿ "ಹುಷಾರ್" ಅಂತ ಒಂದೇ ಮಾತು ಉದುರಿಸಿ ಹೋದ್ರಿ. ಯಾವುದಕ್ಕೆ ಹುಷಾರು ಸ್ವಾಮಿ, ಹಾವಿಗೋ, ದೆವ್ವಕ್ಕೋ, ಕಂದಾಯಕ್ಕೋ?

ನಮ್ದು ಕುರಿ ಕಾಯೋರ ಹಟ್ಟಿ. ಕೋಲಿಗೆ ಕೆಂಪು ಬಟ್ಟೆ ಕಟ್ಟಿದ್ರೆ ಅದು ಅಮ್ಮ. ನಮ್ಮಜ್ಜಿ ತಿಪ್ಪಕ್ಕ ಅರಿಶಿನ ಹಚ್ಚಿದ್ಲು, ಪೂಜಾರಿ ಜುಂಜಯ್ಯ ಕಾಯಿ ಒಡೆದ, ಸಂಜೆ ಹೊತ್ತಿಗೆ ಇಡೀ ಹಟ್ಟಿ, ರೋಗ ಬರಬಾರ್ದು ಅಂತ ಕುರೀನೂ ಹೊಡ್ಕಂಡು ಬಂದು, ಯಾರೂ ನಿಲ್ಲಬಾರ್ದು ಅಂತ ತಾವು ಗುರುತಿಟ್ಟ ಜಾಗದ ಮ್ಯಾಲೇ ನಿಂತು ಕುಣೀತು. ಜಿನುಗೋ ನೀರು ತೀರ್ಥ ಆತು. ಅಜ್ಜಿ ಚೊಂಬಿನಾಗೆ ಹಿಡಿದು ನನಗೂ ಕುಡಿಸಿದ್ಲು, ಹಲ್ಲಿನಾಗೆ ಇನ್ನೂ ಮಣ್ಣು ಕರಕರ ಅಂತೈತೆ.

ಮರುದಿನ ತಾವು ಮರೆತ ಛತ್ರಿ ಹುಡುಕ್ಕಂಡು ತಮ್ಮ ಜವಾನ ಓಬಳೇಶಪ್ಪ ಬಂದ. ಇದನ್ನೆಲ್ಲ ನೋಡಿ, ಏರಿ ಮ್ಯಾಲಿದ್ದ ನನಗೆ ಕೂಗಿ ಹೇಳಿದ. "ಲೇ, ಆ ನೀರಿನ ಕೂಡೆ ಬರ್ತಿರೋದು ಏರಿ ಹೊಟ್ಟೆ ಒಳಗಿನ ಮಣ್ಣು ಕಣ್ರಲೇ! ಒಳಗೆಲ್ಲ ಟೊಳ್ಳಾಗ್ತೈತೆ, ಒಡೆದ್ರೆ ನಿಮ್ಮಟ್ಟಿ ಮ್ಯಾಲೇ ಬರ್ತೈತೆ, ಓಡ್ರಿ!"

ಇಷ್ಟೇ. ಇಷ್ಟು ಹೇಳಾಕೆ ತಮ್ಮ ನಾಲಿಗೆಗೆ ಯಾರು ಬೀಗ ಹಾಕಿದ್ರು?

ನಾನು ಹೋಗಿ ಹೇಳಿದ್ರೆ ಅಜ್ಜಿ, "ಸಾಹೇಬರೇ ನೆಟ್ಟ ಅಮ್ಮನ್ನ ಬೈತೀಯೇನೋ ಮೂಳ" ಅಂತ ಪೊರಕೆ ತಗಂಡ್ಲು. ಇನ್ನೇನು ಮಾಡ್ಲಿ? ಮೈ ಮ್ಯಾಲೆ ಅಮ್ಮನ್ನ ಬರಿಸ್ಕಂಡೆ. ಬಾವುಟ ಕಿತ್ತು ಹೆಗಲಿಗಿಟ್ಟು, ಹೋ ಅಂತ ಕುಣ್ಕಂಡು ರಾಮಗಿರಿ ಗುಡ್ಡ ಹತ್ತಿದೆ. ಹಟ್ಟಿ, ಕುರಿ, ಕೋಳಿ, ಪೊರಕೆ ಸಮೇತ ಅಜ್ಜಿ, ಎಲ್ಲಾ ಹಿಂದೇನೇ ಬಂದ್ವು.

ಈಗ ತಾವು ಬಂದು ತೂಬು ಎತ್ತಿಸಿ ನೀರು ಇಳಿಸ್ರಿ. ನಮ್ಮಜ್ಜಿಗೆ ತಿಳಿಯೋ ಹಂಗೆ ನಾಕು ಮಾತು ಆಡ್ರಿ. ಅದು ತಮ್ಮ ಘನತೆಗೆ ಕಮ್ಮಿ ಅನ್ಸಿದ್ರೆ, ಸರ್ಕಾರದ ಖರ್ಚಿನಾಗೆ ಏರಿಗೇ ಮಾತು ಕಲಿಸ್ರಿ, ಒಡೆಯೋ ಮುಂಚೆ ಅದೇ ಕೂಗ್ಕಳ್ಲಿ.

ಇಷ್ಟೆಲ್ಲಾ ಆದ್ರೂ ತಮ್ಮ ವಿಶ್ವಾಸಿ,
ಕಾಟಲಿಂಗ

ತಾ.ಕ.: ಗುಡ್ಡದ ಮ್ಯಾಲೆ ಗಾಳಿ ಜಾಸ್ತಿ, ಅಜ್ಜಿ ಕೆಮ್ತಾ ಅವಳೆ. ತಾವು ಬರೋದು ತಡ ಆದ್ರೆ ಅಮ್ಮ ಮತ್ತೆ ನನ್ ಮೈ ಮ್ಯಾಲೆ ಬರ್ತಾಳೆ, ಈ ಸಲ ಹೊಳಲ್ಕೆರೆಯಾಗೆ ಕುರಿ ಸಮೇತ ತಮ್ಮ ಬಂಗಲೆಗೇ ನಡೀರಿ ಅಂತಾಳೆ. ತಮ್ಮ ಹೂದೋಟದ ಸುತ್ತ ಎಷ್ಟು ಬೇಕಾದ್ರೂ ಕೆಂಪು ಬಾವುಟ ನೆಡ್ರಿ. ನಮ್ ಕುರಿಗೂ ಅದರ ಅರ್ಥ ಯಾರೂ ಹೇಳಿಲ್ಲ.