ವೇಲ್ಸ್ ಪೊಲೀಸರಿಗೆ ಬ್ಯಾಡಗಿಯ ಪಂಚನಾಮೆ

ಬ್ಯಾಡಗಿಯಲ್ಲಿ ಕೂತು ವೇಲ್ಸ್ ದೇಶದ ಕುರಿಗಳ್ಳರನ್ನು ಹಿಡಿದವರು ನಮ್ಮ ಸೋದರಮಾವ ಒಬ್ಬರೇ! ನಂಬುವುದಿಲ್ಲವೇ? ಸಾಕ್ಷಿಗೆ ನನ್ನ ಸಹಿಯಿದೆ.

ಹಾವೇರಿ ಜಿಲ್ಲೆಯಾಗಿ ಏಳೆಂಟು ವರ್ಷವಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿದ್ದ ಮಾವನಿಗೆ ರಾಣೆಬೆನ್ನೂರಿನ ರದ್ದಿ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ವೇಲ್ಸಿನ ಹಳ್ಳಿಗಾಡಿನ ಜಿಲ್ಲೆಯೊಂದರಲ್ಲಿ ಕುರಿಗಳ್ಳರನ್ನು ಹಿಡಿಯುತ್ತಿದ್ದ ಪುಟ್ಟ ಪೊಲೀಸ್ ಪಡೆಯ ಚರಿತ್ರೆ. ಆ ಪಡೆ ಎಂದೋ ನೆರೆ ಜಿಲ್ಲೆಗಳ ಪಡೆಯಲ್ಲಿ ಸೇರಿ ಅಳಿದುಹೋಗಿತ್ತು. ಮಾವ ಅದನ್ನು ಕನ್ನಡಕ್ಕೆ ತರಲು ಕೂತರು. ಸಕ್ಕರೆ ಕಾಯಿಲೆ ಕಣ್ಣು ತಿನ್ನುತ್ತಿತ್ತು.

"ಠಾಣೆ ಮುಚ್ಚಿದ ಮ್ಯಾಲೆ ಆ ಪೊಲೀಸರನ್ನ ಎಲ್ಲೆಲ್ಲಿ ಒಗದ್ರು, ಅದಷ್ಟು ತಿಳೀಬೇಕೋ ಅಳಿಯಾ. ಕಣ್ಣು ಹೋಗೂದ್ರಾಗ."

ಕೊನೆಯ ಪುಟ ತೆರೆದರಾಯಿತಲ್ಲ? ಛೆ!

"ತನಿಖೆ ಅಂದ್ರ ಮೊದಲಿಂದ ಹೋಗ್ಬೇಕು. ಹೆಣ ನೋಡೂಕಿಂತ ಮೊದಲ ಪೋಸ್ಟ್‌ಮಾರ್ಟಮ್ ರಿಪೋರ್ಟ್ ಓದ್ತಾರೇನು?"

ಅವರಿಗೆ ಗೊತ್ತಿದ್ದ ಬರವಣಿಗೆ ಒಂದೇ, ಪಂಚನಾಮೆ. ಪ್ರತಿ ಅಧ್ಯಾಯವೂ "ಕೆಳಗೆ ಸಹಿ ಮಾಡಿದ ಪಂಚರಾದ ನಾವು" ಎಂದೇ ಶುರು. ಹಿಮದಲ್ಲಿ ಗಸ್ತು ಹೋದ ಪೇದೆಯೊಬ್ಬ ಹೆಣವಾಗಿ ಸಿಕ್ಕ ಪ್ರಕರಣಕ್ಕೆ ಪಂಚರು ಯಾರು? ಶಾಲಾ ಮಾಸ್ತರನಾದ ನಾನು, ಪಕ್ಕದ ಮನೆಯ ಮೆಣಸಿನಕಾಯಿ ವ್ಯಾಪಾರಿ ಸಾಹೇಬರು!

"ಮಾಮಾ, ನಾ ಆವಾಗ ಹುಟ್ಟೇ ಇರಲಿಲ್ಲ!"

"ನಮ್ಮ ಪಂಚರೇನು ಖರೇ ಜಾಗಾಕ್ಕ ಬರ್ತಿದ್ರೇನು? ಹಾಕು ಸಹಿ!"

"ಹಾಕ್ರಿ ಮಾಸ್ತರ," ಎಂದರು ಸಾಹೇಬರು, "ಸಮನ್ಸ್ ಬಂದ್ರ ಇಬ್ರೂ ಕೂಡಿ ವಿಮಾನದಾಗ ಹೋಗೂಣು!"

ಅವರು ನಕ್ಕರು. ನಾನು ಮಾತ್ರ ಹಾವೇರಿ ಕೋರ್ಟಿನ ಮುಂದೆ ಬಸ್ಸು ಹಾದಾಗಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದೆ.

ಚಿಂತೆ ನನ್ನ ಚಟ. ಒಂದು ದಿನ ಮಾವ ಮುಖ ತೊಳೆಯಲು ಎದ್ದಾಗ ಕದ್ದು ಪುಸ್ತಕದ ಕೊನೆಗೆ ತಿರುವಿದೆ. ಕೊನೆಯ ಹಾಳೆಗಳೇ ಇರಲಿಲ್ಲ! ಯಾವ ಭಜಿ ಕಟ್ಟಲು ಹರಿದಿದ್ದರೋ. ಹೇಳುವ ಧೈರ್ಯವಾಗಲಿಲ್ಲ. ಕಣ್ಣು ಮೊದಲು ಮುಗಿಯಲಿ ಎಂದು ಬಯಸುವುದೇ? ಪುಸ್ತಕ ಮೊದಲು ಮುಗಿಯಲಿ ಎಂದೇ?

ಕಣ್ಣೇ ಮೊದಲು ಮುಗಿಯಿತು. ಆಮೇಲೆ ನಾನೇ ಓದಿ, ಅವರು ಹೇಳಿದಂತೆ ಬರೆದುಕೊಂಡೆ. ಹರಿದ ಅಂಚು ಬಂದೇ ಬಂತು.

"ಯಾಕ ನಿಂತಿ? ಓದು. ಎಲ್ಲಿ ಒಗದ್ರು ಅವರನ್ನ?"

"ಎಲ್ಲಾರಿಗೂ ಅವರವರ ಊರಾಗ ಪೋಸ್ಟಿಂಗ್ ಕೊಟ್ರಂತ, ಮಾಮಾ."

"ಹೆಂಡ್ರು ಮಕ್ಕಳ ಹಂತ್ಯಾಕ?"

"ಹೂಂ. ದಿನಾ ಸಂಜಿಗೆ ಮನ್ಯಾಗ ಊಟ."

ಮಾವ ಗೋಡೆಯ ಕಡೆ ಮುಖ ತಿರುಗಿಸಿದರು.

"ನಿಮ್ಮ ಅತ್ತಿ ಹೋದಾಗ ನಾ ದೂರದೂರಾಗ ಬಂದೋಬಸ್ತಿಗೆ ಇದ್ದೆ. ಮಣ್ಣಿಗೂ ಮುಟ್ಟಲಿಲ್ಲ." ಮತ್ತೆ ನನ್ನ ಕಡೆ ತಿರುಗಿದರು. "ಬರಿ. ದಪ್ಪ ಅಕ್ಷರದಾಗ ಬರಿ."

ಬರೆದೆ. ಅವರು ಹಸಿ ಶಾಯಿಯ ಮೇಲೆ ಮೆಲ್ಲಗೆ ಬೆರಳಾಡಿಸತೊಡಗಿದರು. ಅಕ್ಷರ ಅಳಿಸಿದಲ್ಲೆಲ್ಲ ನಾನು ಹಿಂದೆಯೇ ಮತ್ತೆ ಬರೆಯುತ್ತ ಹೋದೆ.